ಚಿತ್ರದುರ್ಗದ ಮಾಳಿಗೆ ಮೇಲೆ ಹ್ಯಾಮ್ ಟಿವಿ: ಮಿನಿಟ್ಯೂನರ್ ಎರಡು ವರ್ಷ ಬಳಸಿದ ಮೇಲೆ

ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಕಳಿಸುವ ಟಿವಿ ಚಿತ್ರ ಹಿಡಿಯುವ ಮಿನಿಟ್ಯೂನರ್ ಎಂಬ ರಿಸೀವರ್ ನಮ್ಮ ಮನೆಗೆ ಬಂದು ಎರಡು ವರ್ಷ ದಾಟಿದೆ. ಎರಡು ಬೇಸಿಗೆ, ಎರಡು ಆಷಾಢದ ಗಾಳಿ ನೋಡಿದೆ. ಈಗ ಬರೆಯಬಹುದು ಅನ್ನಿಸಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿಮೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನನ್ನದು ಟಿವಿ ರಿಪೇರಿ ಅಂಗಡಿ. ಪಿಕ್ಚರ್ ಟ್ಯೂಬಿನ ಕಾಲದಿಂದ ಇದೇ ಕೆಲಸ. ಹ್ಯಾಮ್ ರೇಡಿಯೋ ಅಂದರೆ ಮೈಕು ಹಿಡಿದು ಮಾತಾಡುವುದು, ಇಲ್ಲ ಮೋರ್ಸ್ ಕುಟ್ಟುವುದು ಅಂತಲೇ ತಿಳಿದಿದ್ದೆ. ದಾವಣಗೆರೆಯ ಹಿರಿಯ ಹ್ಯಾಮ್ ಒಬ್ಬರು ಹಳೇ ಪವರ್ ಸಪ್ಲೈ ರಿಪೇರಿಗೆ ತಂದಿದ್ದರು. ಮಾತಿಗೆ ಮಾತು ಬಂದು, ಹ್ಯಾಮ್‌ಗಳು ಟಿವಿಯನ್ನೂ ಪ್ರಸಾರ ಮಾಡುತ್ತಾರೆ ಅಂದರು. ಬ್ರಿಟನ್ನಿನಲ್ಲಿ ಇದಕ್ಕೆಂದೇ ಒಂದು ಕ್ಲಬ್ 1949ರಿಂದ ನಡೆಯುತ್ತಿದೆ. ಸ್ಟುಡಿಯೋ ಇಲ್ಲ, ಜಾಹೀರಾತು ಇಲ್ಲ. ಒಬ್ಬ ಮನುಷ್ಯ ತನ್ನ ಮನೆಯ ಕೋಣೆಯಿಂದ ಕಳಿಸುವ ಚಿತ್ರ. ಅಂಥದ್ದೊಂದನ್ನು ನನ್ನ ಕಣ್ಣಾರೆ ನೋಡಬೇಕು ಅಂತ ಅವತ್ತೇ ಮನಸ್ಸಾಯಿತು.

ನಮ್ಮ ಸುತ್ತಮುತ್ತ ನೆಲದ ಮೇಲಿಂದ ಹೀಗೆ ಟಿವಿ ಕಳಿಸುವವರು ಯಾರೂ ಸಿಗಲಿಲ್ಲ. ಉಳಿದ ದಾರಿ ಆಕಾಶದ್ದು. ಕತಾರ್ ದೇಶದ ಎಸ್‌ಹೈಲ್-2 ಉಪಗ್ರಹ 2018ರ ನವೆಂಬರಿನಲ್ಲಿ ಮೇಲೆ ಹೋಯಿತು. ಅದರಲ್ಲಿ ಹ್ಯಾಮ್‌ಗಳಿಗೆಂದು ಎರಡು ಟ್ರಾನ್ಸ್‌ಪಾಂಡರ್ (ನೆಲದಿಂದ ಬಂದ ಸಿಗ್ನಲ್ ಹಿಡಿದು ಮತ್ತೆ ಕೆಳಗೆ ಕಳಿಸುವ ಸಾಧನ) ಇವೆ. 2019ರ ಫೆಬ್ರವರಿಯಿಂದ ಅವು ಎಲ್ಲರ ಬಳಕೆಗೆ ತೆರೆದಿವೆ. ಹ್ಯಾಮ್‌ಗಳು ಇದನ್ನು ಕ್ಯುಓ-100 ಅನ್ನುತ್ತಾರೆ. ಟಿವಿಗೆ ಮೀಸಲಾದ ಭಾಗ 10491ರಿಂದ 10499 ಮೆಗಾಹರ್ಟ್ಸ್‌ವರೆಗೆ ಇಳಿದು ಬರುತ್ತದೆ. ಉಪಗ್ರಹ ಆಫ್ರಿಕಾದ ಕಾಂಗೋ ದೇಶದ ನೆತ್ತಿಯ ಮೇಲೆ, 25.9 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಒಂದೇ ಕಡೆ ಇರುವುದರಿಂದ ಡಿಶ್ ತಿರುಗಿಸುತ್ತಾ ಕೂರುವ ಕೆಲಸವಿಲ್ಲ.

ಇರುವ ಡಿಟಿಎಚ್ ಬಾಕ್ಸಿನಲ್ಲೇ ನೋಡಬಹುದಲ್ವಾ ಅಂತ ಅಂಗಡಿಗೆ ಬಂದವರು ಕೇಳುತ್ತಾರೆ. ಆಗುವುದಿಲ್ಲ. ನಮ್ಮ ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ಒಳಗೆ ಆವರ್ತನ ಇಳಿಸಲು 9750 ಮೆಗಾಹರ್ಟ್ಸ್ ಆಸಿಲೇಟರ್ ಇರುತ್ತದೆ. ಬೀಕನ್, ಅಂದರೆ ಸದಾ ಬರುತ್ತಿರುವ ಗುರುತಿನ ಸಿಗ್ನಲ್, ಇರುವುದು 10491.5ರಲ್ಲಿ. ಅದರಿಂದ 9750 ಕಳೆದರೆ ಕೇಬಲ್ಲಿನಲ್ಲಿ ಇಳಿಯುವುದು 741.5. ಸಾಮಾನ್ಯ ಬಾಕ್ಸ್ 950ಕ್ಕಿಂತ ಕೆಳಗೆ ನೋಡುವುದೇ ಇಲ್ಲ. ಜೊತೆಗೆ ಹ್ಯಾಮ್ ಪ್ರಸಾರ ತುಂಬಾ ಸಣ್ಣದು. ಸೆಕೆಂಡಿಗೆ 333 ಸಾವಿರ ಸಿಂಬಲ್ (ಮಾಹಿತಿ ಹೊತ್ತ ಸಿಗ್ನಲ್ ತುಣುಕು), 125 ಸಾವಿರ, ಇನ್ನೂ ಕಡಿಮೆ. ಮಿನಿಟ್ಯೂನರ್ ಹುಟ್ಟಿದ್ದೇ ಇದಕ್ಕೆ. ಅದರೊಳಗಿನ ಸೆರಿಟ್ ಕಂಪನಿಯ ಟ್ಯೂನರ್ ಡಬ್ಬಿ 144 ಮೆಗಾಹರ್ಟ್ಸ್‌ನಿಂದ 2450ರವರೆಗೆ ಹಿಡಿಯುತ್ತದೆ. ಪಕ್ಕದಲ್ಲಿ ಒಂದು ಯುಎಸ್‌ಬಿ ಬೋರ್ಡು. ವಿಂಡೋಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫ್ರಾನ್ಸಿನ ಹ್ಯಾಮ್ ಒಬ್ಬರು ಬರೆದ ಮಿನಿಟ್ಯೂನ್ ತಂತ್ರಾಂಶ ಹಾಕಿದರೆ ಚಿತ್ರ ಪರದೆ ಮೇಲೆ ಬರುತ್ತದೆ. ಕಿಟ್ ರೂಪದಲ್ಲಿ ತರಿಸಿ ನಾನೇ ಬೆಸುಗೆ ಹಾಕಿದೆ. ಕೈ ಅಭ್ಯಾಸ ಇರುವವರಿಗೆ ಎರಡು ಸಂಜೆಯ ಕೆಲಸ.

ಕಷ್ಟ ಇರುವುದು ಡಿಶ್ಶಿನಲ್ಲಿ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಯಾಕೆಂದರೆ ನನಗೆ ಸಿಕ್ಕ ಕೈಪಿಡಿಗಳೆಲ್ಲ ಯೂರೋಪಿನವರು ಯೂರೋಪಿಗೆ ಬರೆದವು.

ನಮ್ಮ ಡಿಡಿ ಫ್ರೀ ಡಿಶ್ ಉಪಗ್ರಹ 93.5 ಡಿಗ್ರಿಯಲ್ಲಿದೆ. ಅಂದರೆ ನಮ್ಮೂರ ಪೂರ್ವಕ್ಕೆ. ಇದು ಪಶ್ಚಿಮಕ್ಕೆ. ಚಿತ್ರದುರ್ಗದಿಂದ ನೋಡಿದರೆ ಉತ್ತರದಿಂದ ಬಲಸುತ್ತು 259 ಡಿಗ್ರಿ, ಅಂದರೆ ನೇರ ಪಶ್ಚಿಮದಿಂದ 11 ಡಿಗ್ರಿ ದಕ್ಷಿಣಕ್ಕೆ. ಎತ್ತರ 31 ಡಿಗ್ರಿ. ನಮ್ಮ ಮನೆಗೆ ಕೋಟೆ ಬೆಟ್ಟ ಅದೇ ದಿಕ್ಕಿಗೆ. ಕಲ್ಲುಬಂಡೆ ಅಡ್ಡ ಬರುತ್ತದೇನೋ ಅಂತ ಹೆದರಿದ್ದೆ. ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೊಂದು ನಟ್ಟು ಕಟ್ಟಿ, ಬೆಟ್ಟದ ತುದಿ ಅಳೆದೆ. 31ಕ್ಕಿಂತ ಸಾಕಷ್ಟು ಕೆಳಗಿತ್ತು. ನಿಮ್ಮ ಮನೆ ಬೆಟ್ಟದ ಬುಡದಲ್ಲೇ ಇದ್ದರೆ ದುಡ್ಡು ಹಾಕುವ ಮೊದಲು ಇದನ್ನು ಅಳೆಯಿರಿ.

ಇನ್ನೊಂದು ಮಾತು. ಮನೆ ಡಿಶ್ಶುಗಳೆಲ್ಲ ಆಫ್‌ಸೆಟ್ ಜಾತಿಯವು. ಅವು ಕಣ್ಣಿಗೆ ಕಾಣುವುದಕ್ಕಿಂತ ಸುಮಾರು 25 ಡಿಗ್ರಿ ಮೇಲೆ ನೋಡುತ್ತಿರುತ್ತವೆ. ಹಾಗಾಗಿ 31 ಡಿಗ್ರಿಗೆ ಇಟ್ಟಾಗ ಡಿಶ್ ಹೆಚ್ಚುಕಡಿಮೆ ನೆಟ್ಟಗೆ ನಿಂತಂತೆ ಕಾಣುತ್ತದೆ. ತಪ್ಪಾಗಿದೆ ಅಂದುಕೊಂಡು ಮೇಲೆತ್ತಬೇಡಿ.

ಈಗ ನನ್ನ ಮೂರು ವಾರ ತಿಂದ ವಿಷಯ. ದಿಕ್ಕು ಸರಿ, ಎತ್ತರ ಸರಿ, ಕೇಬಲ್ ಹೊಸದು. ಟಿವಿ ಭಾಗದ ಸಿಗ್ನಲ್ ಹಾರಿಜಾಂಟಲ್, ಅಂದರೆ ಅಲೆ ಅಡ್ಡಕ್ಕೆ ಕಂಪಿಸುವಂಥದ್ದು. ಅದನ್ನು ಆರಿಸಲು ಎಲ್‌ಎನ್‌ಬಿಗೆ 18 ವೋಲ್ಟ್ ಕೊಡಬೇಕು. ಕೊಟ್ಟಿದ್ದೆ. ಇಂಗ್ಲೆಂಡಿನ ಕೈಪಿಡಿ ನೋಡಿ, ಡಿಶ್ ಹಿಂದೆ ನಿಂತು ಎಲ್‌ಎನ್‌ಬಿಯನ್ನು 20 ಡಿಗ್ರಿಯಷ್ಟು ಎಡಸುತ್ತು ತಿರುಗಿಸಿದ್ದೆ. ಏನೂ ಇಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು ಮಾಳಿಗೆ ಹತ್ತುವುದು, ಕತ್ತಲಾದ ಮೇಲೆ ಬರಿಗೈಲಿ ಇಳಿಯುವುದು. ಒಂದು ದಿನ ಮಗಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪರದೆಯಲ್ಲಿ 18 ಇದ್ದದ್ದನ್ನು 13ಕ್ಕೆ ಬದಲಿಸಿದ್ದಾಳೆ. ಕೆಳಗಿಂದ ಕೂಗಿದಳು. “ಅಪ್ಪಾಜಿ, ಲಾಕ್ ಅಂತ ಬಂತು! ಚಿತ್ರ ಬಂತು!”

ಓಡಿ ಬಂದು ನೋಡಿದರೆ ನಿಜವಾಗಿ ಚಿತ್ರ. ಕತಾರಿನ ಎ71ಎ ಕೇಂದ್ರದ ಬೀಕನ್. ಖುಷಿಯಾಯಿತು, ಆದರೆ ತಲೆ ಕೆಟ್ಟಿತು. 13 ವೋಲ್ಟ್ ಅಂದರೆ ವರ್ಟಿಕಲ್, ಉದ್ದಕ್ಕೆ ಕಂಪಿಸುವ ಅಲೆ. ಹಾರಿಜಾಂಟಲ್ ಸಿಗ್ನಲ್ ಅಲ್ಲಿ ಹೇಗೆ ಬಂತು?

ರಾತ್ರಿ ಕಾಗದದ ಮೇಲೆ ಗೀಚುತ್ತಾ ಕೂತಾಗ ಗೊತ್ತಾಯಿತು. ಹಾರಿಜಾಂಟಲ್ ಅನ್ನುವುದು ಉಪಗ್ರಹದ ಲೆಕ್ಕ, ಭೂಮಧ್ಯರೇಖೆಗೆ ಸಮಾನಾಂತರವಾಗಿ ಅಂತ ಅರ್ಥ. ನಮ್ಮ ಮಾಳಿಗೆಯ ಲೆಕ್ಕ ಅಲ್ಲ. ಮಾರ್ಚ್ ಸಂಜೆ ಸೂರ್ಯ ನಮ್ಮಲ್ಲಿ ಹೇಗೆ ಇಳಿಯುತ್ತಾನೆ ನೋಡಿ. ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಉಪಗ್ರಹಗಳ ಸಾಲೂ ಪಶ್ಚಿಮದಲ್ಲಿ ಹಾಗೇ ನೆಟ್ಟಗೆ ಇಳಿಯುತ್ತದೆ. ಹಾಗಾಗಿ ಅದರ ‘ಅಡ್ಡ’ ನಮಗೆ ‘ಉದ್ದ’ ಆಗಿ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಚಿತ್ರದುರ್ಗಕ್ಕೆ 72 ಡಿಗ್ರಿ ವಾಲು ಬೇಕು, ಡಿಶ್ ಹಿಂದೆ ನಿಂತು ನೋಡಿದರೆ ಬಲಸುತ್ತು. ಲಂಡನ್ನಿಗೆ ಉಪಗ್ರಹ ಪೂರ್ವದ ಕಡೆ ಇರುವುದರಿಂದ ಅವರದು ಎಡಸುತ್ತು, 19 ಡಿಗ್ರಿ. ಎರಡೂ ಕೂಡಿದರೆ 91. ಅಂದರೆ ಅವರ ಕೈಪಿಡಿ ಪ್ರಕಾರ ಇಟ್ಟ ಎಲ್‌ಎನ್‌ಬಿ ನಮಗೆ ಸರಿಯಾಗಿ ಅಡ್ಡಡ್ಡ! 18 ವೋಲ್ಟಿನಲ್ಲಿ ಏನೂ ಸಿಗದೆ, 13ರಲ್ಲಿ ಪೂರ್ತಿ ಸಿಕ್ಕಿದ್ದು ಅದಕ್ಕೇ. ಕೈಪಿಡಿ ಬರೆದವರದ್ದು ತಪ್ಪಿಲ್ಲ. ಅವರು ಅವರ ಮಾಳಿಗೆಯಿಂದ ಬರೆದಿದ್ದಾರೆ. ಆದರೆ ನಮ್ಮ ಮಾಳಿಗೆಯಿಂದಲೂ ಯಾರಾದರೂ ಬರೆದಿಡಬೇಕಲ್ಲ. ಈ ವಿಮರ್ಶೆ ಬರೆಯಲು ಅದೇ ದೊಡ್ಡ ಕಾರಣ.

ಮೊದಲು ಗುಜರಿ ಅಂಗಡಿಯಿಂದ ತಂದ 60 ಸೆಂಟಿಮೀಟರ್ ಡಿಶ್ ಹಾಕಿದ್ದೆ. ಬೀಕನ್ ಲಾಕ್ ಆಗುತ್ತಿತ್ತು, ಆಗಾಗ ಚಿತ್ರ ನಿಂತುಬಿಡುತ್ತಿತ್ತು. ಬೇರೆಯವರ ಸಣ್ಣ ಸಿಗ್ನಲ್ ಅನುಮಾನ. 90ಕ್ಕೆ ಬದಲಿಸಿದ ಮೇಲೆ ಆ ತೊಂದರೆ ಹೋಯಿತು. ಮುಖದ ವಿಸ್ತಾರ ಎರಡೂಕಾಲು ಪಟ್ಟು ಆಗುತ್ತದೆ, ಅಂದರೆ ಮೂರೂವರೆ ಡೆಸಿಬಲ್ ಲಾಭ. ಎಲ್‌ಎನ್‌ಬಿ ಮಾತ್ರ ಪಿಎಲ್‌ಎಲ್ (ಆವರ್ತನವನ್ನು ಸ್ಥಿರವಾಗಿ ಹಿಡಿಯುವ) ಜಾತಿಯದ್ದೇ ಇರಲಿ. ನಾನು ಮೊದಲು ಹಾಕಿದ್ದ ಹಳೇ ಎಲ್‌ಎನ್‌ಬಿಯ ಆವರ್ತನ ಏಪ್ರಿಲ್ ಬಿಸಿಲಿಗೆ ಎಲ್ಲಿಂದ ಎಲ್ಲಿಗೋ ಸರಿಯುತ್ತಿತ್ತು. ಬೆಳಗ್ಗೆ ಸಿಕ್ಕ ಜಾಗದಲ್ಲಿ ಮಧ್ಯಾಹ್ನ ಸಿಗ್ನಲ್ ಇರುತ್ತಿರಲಿಲ್ಲ. ಈಗಿನದು ಹಗಲು ರಾತ್ರಿಗೆ ಸ್ವಲ್ಪವೇ ಸರಿಯುತ್ತದೆ. ಬೀಕನ್ 1500 ಸಾವಿರ ಸಿಂಬಲ್ ಅಗಲ ಇರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಸಣ್ಣ ಸಿಗ್ನಲ್‌ಗಳಿಗೆ ಮಾತ್ರ ಕೈಯಲ್ಲಿ ಸರಿಮಾಡಿಕೊಳ್ಳಬೇಕು.

ಗಾಳಿ ಬಗ್ಗೆ ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ. ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಂತಿರುವುದು ಸುಮ್ನೆ ಅಲ್ಲ. 90 ಸೆಂಟಿಮೀಟರ್ ಡಿಶ್ಶಿನ ನೋಟ ಎರಡು ಡಿಗ್ರಿ ಚಿಲ್ಲರೆ ಅಗಲ, ಅಷ್ಟೇ. ಒಂದು ಡಿಗ್ರಿ ಜರುಗಿದರೂ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ. ಮೊದಲ ಆಷಾಢದಲ್ಲಿ ವಾರಕ್ಕೆ ಎರಡು ಸಲ ಮಾಳಿಗೆ ಹತ್ತಿದ್ದೇನೆ. ಡಿಟಿಎಚ್‌ಗೆ ಬರುವ ತೆಳು ಕಂಬ ಇದಕ್ಕೆ ಸಾಲದು. ಆಮೇಲೆ ಎರಡು ಇಂಚಿನ ಜಿಐ ಪೈಪು ಹಾಕಿ, ಬುಡಕ್ಕೆ ಕಾಂಕ್ರೀಟ್ ಮಾಡಿಸಿ, ಹಿಂದೆ ಎರಡು ಆಸರೆ ಕಬ್ಬಿಣ ಕೊಡಿಸಿದೆ. ಎರಡನೇ ಆಷಾಢದಲ್ಲಿ ಒಂದೇ ಸಲ ನಟ್ಟು ಬಿಗಿ ಮಾಡಿದ್ದು. ಮಳೆಯ ತೊಂದರೆ ನಮ್ಮಲ್ಲಿ ಕಡಿಮೆ. ಜೋರು ಮಳೆ ಹೊಡೆದಾಗ ಚಿತ್ರ ಹೋಗುತ್ತದೆ, ನಿಂತ ಮೇಲೆ ಬರುತ್ತದೆ.

ಡಿಶ್ ಸರಿ ಇದೆಯೋ ಇಲ್ಲವೋ ನೋಡಲು ವರ್ಷಕ್ಕೆ ಎರಡು ಸಲ ಸೂರ್ಯನೇ ಬಂದು ತೋರಿಸುತ್ತಾನೆ. ಮಾರ್ಚ್ 15ರ ಆಸುಪಾಸು, ಸಂಜೆ ನಾಲ್ಕೂವರೆಗೆ ಐದಾರು ನಿಮಿಷ ಮುಂಚೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬರುತ್ತಾನೆ. ಆಗ ಸೂರ್ಯನ ಗದ್ದಲದಲ್ಲಿ ಸಿಗ್ನಲ್ ಕೆಲವು ನಿಮಿಷ ಮುಳುಗುತ್ತದೆ. ಡಿಶ್ ಗುರಿ ಸರಿ ಇದ್ದರೆ ಅದೇ ಹೊತ್ತಿಗೆ ಬೆಳಕಿನ ಬೊಟ್ಟು ಎಲ್‌ಎನ್‌ಬಿ ಮೂತಿ ಮೇಲೆ ಕೂರುತ್ತದೆ. ಸೆಪ್ಟೆಂಬರ್ ಕೊನೆಗೆ ಇನ್ನೊಮ್ಮೆ, ನಾಲ್ಕು ಗಂಟೆ ದಾಟಿದ ಕೂಡಲೇ. ಈ ವರ್ಷ ಮಾರ್ಚಿನಲ್ಲಿ ನಾನು, ಮಗಳು ಇಬ್ಬರೂ ಮಾಳಿಗೆ ಮೇಲೆ ಗಡಿಯಾರ ಹಿಡಿದು ನಿಂತಿದ್ದೆವು. ಬೊಟ್ಟು ಮೆಲ್ಲಗೆ ಜರುಗಿ ಎಲ್‌ಎನ್‌ಬಿ ಮೇಲೆ ಬಂದಾಗ ಅವಳ ಮುಖ ನೋಡಬೇಕಿತ್ತು. ಯಾವ ಮೀಟರೂ ಆ ಖುಷಿ ಕೊಡಲಾರದು.

ಏನು ನೋಡಲು ಸಿಗುತ್ತದೆ ಅಂತ ಕೇಳುವವರಿಗೆ: ಧಾರಾವಾಹಿ ಇಲ್ಲ, ಸುದ್ದಿ ಇಲ್ಲ. ಬೀಕನ್ ಬಿಟ್ಟರೆ, ಯಾರು ಪ್ರಸಾರಕ್ಕೆ ಬರುತ್ತಾರೋ ಅವರೇ. ಬ್ರಿಟಿಷ್ ಕ್ಲಬ್ಬಿನವರು ಅಂತರಜಾಲದಲ್ಲಿ ಇಡೀ ಟ್ರಾನ್ಸ್‌ಪಾಂಡರಿನಲ್ಲಿರುವ ಸಿಗ್ನಲ್‌ಗಳ ಗೆರೆಚಿತ್ರ ಸದಾ ತೋರಿಸುತ್ತಾರೆ. ಅದರಲ್ಲಿ ಹೊಸ ದಿಬ್ಬ ಎದ್ದರೆ ಅಲ್ಲಿಗೆ ಟ್ಯೂನ್ ಮಾಡುವುದು. ಯೂರೋಪಿನವರು ಜಾಸ್ತಿ. ಅವರ ಬಿಡುವು ನಮಗೆ ಭಾನುವಾರ ಮಧ್ಯಾಹ್ನದ ಮೇಲೆ. ಒಮ್ಮೆ ವಯಸ್ಸಾದವರೊಬ್ಬರು ಕ್ಯಾಮೆರಾ ಮೇಜಿನ ಕಡೆ ತಿರುಗಿಸಿ ಒಂದು ಬೋರ್ಡಿಗೆ ಬೆಸುಗೆ ಹಾಕುವುದನ್ನು ತೋರಿಸುತ್ತಿದ್ದರು. ಭಾಷೆ ಅರ್ಥ ಆಗಲಿಲ್ಲ. ಕೈ ಅರ್ಥ ಆಯಿತು. ನಾನು ಮೂವತ್ತು ವರ್ಷದಿಂದ ಹಿಡಿದ ಹಾಗೇ ಅವರೂ ಕಬ್ಬಿಣ ಹಿಡಿದಿದ್ದರು. ಊಟ ತಣ್ಣಗಾಗುವವರೆಗೂ ನೋಡಿದೆ. ನಮ್ಮ ಮನೆಯವರೂ ಬಂದು ಪಕ್ಕ ಕೂತು, “ಇವರೂ ನಿಮ್ಮ ಥರಾನೇ ಕನ್ನಡಕದ ಮೇಲಿಂದ ನೋಡ್ತಾರೆ” ಅಂದರು.

ಖರ್ಚು ಹೇಳುತ್ತೇನೆ. ಕಿಟ್, ಯುಎಸ್‌ಬಿ ಬೋರ್ಡು, ಸಾಗಣೆ, ಸುಂಕ ಎಲ್ಲ ಸೇರಿ ನನಗೆ ಹನ್ನೆರಡು ಸಾವಿರದ ಹತ್ತಿರ ಬಂತು. ಡಿಶ್, ಕಂಬ, ಎಲ್‌ಎನ್‌ಬಿಗೆ ಇನ್ನೊಂದು ನಾಲ್ಕು ಸಾವಿರ. ಕಡಿಮೆ ಏನಲ್ಲ. ಒಂದು ಅಂಕ ಕಡಿದಿದ್ದು ಇದಕ್ಕೆ. ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಬೇಕು, ಕಾಯಬೇಕು. ಜೊತೆಗೆ ವಿಂಡೋಸ್ ಲ್ಯಾಪ್‌ಟಾಪ್ ಬೇಕೇ ಬೇಕು ಅನ್ನುವುದು ಮೊದಲ ವರ್ಷ ಕಿರಿಕಿರಿ ಮಾಡಿತು. ಎರಡನೇ ವರ್ಷ ಅದೇ ಮಿನಿಟ್ಯೂನರಿಗೆ ರಾಸ್ಪ್‌ಬೆರಿ ಪೈ 4 ಜೋಡಿಸಿ, ಆ ಕ್ಲಬ್ಬಿನವರೇ ಮಾಡಿದ ರೈಡ್ ತಂತ್ರಾಂಶ ಹಾಕಿದೆ. ಈಗ ನೇರ ಟಿವಿಗೆ ಎಚ್‌ಡಿಎಂಐ, ಕೈಯಲ್ಲಿ ರಿಮೋಟ್. ಹಾರ್ಡ್‌ವೇರ್ ಎರಡು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ನನ್ನ ಕೈಯಿಂದ ಹಾಳಾದದ್ದು ಒಂದೇ. ಸಿಗ್ನಲ್ ಹುಡುಕಲು ಇಟ್ಟಿದ್ದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ ಎಲ್‌ಎನ್‌ಬಿಯ 18 ವೋಲ್ಟ್ ಹೋಗಿಬಿಟ್ಟಿತು. ಡಾಂಗಲ್ ಬಳಸುವವರು ಮಧ್ಯೆ ವೋಲ್ಟೇಜ್ ತಡೆಯುವ ಇಂಜೆಕ್ಟರ್ ಹಾಕಿಕೊಳ್ಳಿ.

ಇಷ್ಟು ದುಡ್ಡು ಈಗಲೇ ಬೇಡ ಅನ್ನುವವರು ಸ್ಲೋ ಸ್ಕ್ಯಾನ್ ಟಿವಿಯಿಂದ ಶುರು ಮಾಡಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆಗಾಗ 145.800 ಮೆಗಾಹರ್ಟ್ಸ್‌ನಲ್ಲಿ ನಿಂತ ಚಿತ್ರಗಳನ್ನು ಕಳಿಸುತ್ತದೆ. ಒಂದು ಚಿತ್ರಕ್ಕೆ ಎರಡು ನಿಮಿಷ. ಆ ತರಂಗ ಹಿಡಿಯುವ ರೇಡಿಯೋ ಪಕ್ಕ ಫೋನ್ ಇಟ್ಟು ರೋಬೋಟ್36 ಆಪ್ ತೆರೆದರೆ ಸಾಕು, ಸಾಲು ಸಾಲಾಗಿ ಚಿತ್ರ ಮೂಡುತ್ತದೆ. ಮಗಳಿಗೆ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಇದುವರೆಗೆ ಹೇಳಿದ್ದೆಲ್ಲ ನೋಡುವ ಮಾತು. ಕಳಿಸಬೇಕಾದರೆ ಹ್ಯಾಮ್ ಪರೀಕ್ಷೆ ಪಾಸು ಮಾಡಿ, ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಪಡೆಯಲೇಬೇಕು. ನಾನು, ಮಗಳು ಇಬ್ಬರೂ ಓದುತ್ತಿದ್ದೇವೆ. ದಾವಣಗೆರೆಯ ಸರ್ ಭಾನುವಾರ ಫೋನಿನಲ್ಲಿ ಪ್ರಶ್ನೆ ಕೇಳುತ್ತಾರೆ. ಅವರ ಮನೆ ಮೇಲೂ ಮೊನ್ನೆ ಡಿಶ್ ಹಾಕಿ ಬಂದೆ. ದಾವಣಗೆರೆಗೆ ದಿಕ್ಕು 258, ಎತ್ತರ 31, ಎಲ್‌ಎನ್‌ಬಿ ವಾಲು 71, ಬಲಸುತ್ತು. ಈ ಸಲ 18 ವೋಲ್ಟಿನಲ್ಲೇ, ಅರ್ಧ ಗಂಟೆಯಲ್ಲಿ ಲಾಕ್ ಆಯಿತು.