ಸಂತ ಕಲಿಸ್ಟಸ್ ಕ್ಯಾಟಕೋಂಬ್: ಫೇಬಿಯನ್‌ನ ಕಲ್ಲು ನೋಡದೆ ಮೇಲೆ ಬರಬೇಡಿ

ರೋಮ್‌ನ ಹಳೆಯ ಆಪ್ಪಿಯಾ ರಸ್ತೆಯಲ್ಲಿರುವ ಈ ನೆಲದಡಿಯ ಸ್ಮಶಾನಕ್ಕೆ ನಿಮ್ಮಷ್ಟಕ್ಕೆ ನೀವು ಇಳಿಯುವ ಹಾಗಿಲ್ಲ. ಟಿಕೆಟ್ ಕೊಂಡು, ಭಾಷೆ ಹೇಳಿ, ಗೈಡ್ ಜೊತೆ ಗುಂಪಿನಲ್ಲೇ ಹೋಗಬೇಕು. ಕನ್ನಡದ ಗುಂಪಿಲ್ಲ, ಇಂಗ್ಲಿಷಿನದಕ್ಕೆ ಸೇರಿಕೊಳ್ಳಿ. ನೋಡಿಕೊಳ್ಳುವವರು ಡಾನ್ ಬೋಸ್ಕೊ ಸಭೆಯ ಸಲೇಷಿಯನ್ ಪಾದ್ರಿಗಳು, ವ್ಯವಸ್ಥೆ ಅಚ್ಚುಕಟ್ಟು. ಕೊರತೆ ಸಮಯದ್ದು. ನಾಲ್ಕು ಅಂತಸ್ತಿನಲ್ಲಿ ಸುಮಾರು 20 ಕಿಲೋಮೀಟರ್ ಸುರಂಗವಿದೆ, ನಿಮಗೆ ಸಿಗುವುದು 40 ನಿಮಿಷದ ಆಸುಪಾಸು.

ಆ ನಲವತ್ತರಲ್ಲಿ ಹೆಚ್ಚಿನ ಪಾಲನ್ನು ಪೋಪ್‌ಗಳ ಕೋಣೆಗೆ ಇಡಿ. 1854ರಲ್ಲಿ ಪುರಾತತ್ವಜ್ಞ ದೆ ರೊಸ್ಸಿ ಪತ್ತೆಹಚ್ಚಿದ ಕೋಣೆ ಇದು. ಮೂರನೆಯ ಶತಮಾನದ ಒಂಬತ್ತು ಪೋಪ್‌ಗಳನ್ನು ಇಲ್ಲಿ ಹೂತಿದ್ದರು, ಐವರ ಗ್ರೀಕ್ ಶಾಸನಗಳು ಉಳಿದಿವೆ. ಅವುಗಳಲ್ಲಿ ಫೇಬಿಯನ್‌ನದನ್ನು ಹುಡುಕಿ. ಮೊದಲು ಹೆಸರು, ಆಮೇಲೆ 'ಬಿಷಪ್' ಎಂಬುದರ ಸಂಕ್ಷೇಪ. ಕೊನೆಯಲ್ಲಿ ಹೆಣೆದುಕೊಂಡ ಅಕ್ಷರಗಳಲ್ಲಿ 'ಹುತಾತ್ಮ' ಎಂದಿದೆ. ಅದರ ಗೀರು ಉಳಿದವುಗಳಷ್ಟು ಆಳವಿಲ್ಲ, ಕಲ್ಲು ಕೂರಿಸಿದ ಮೇಲೆ ಬೇರೆ ಕೈ ಸೇರಿಸಿದ್ದು. ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಿರಿ ಎಂದು ಚಕ್ರವರ್ತಿ ಡೆಸಿಯಸ್ ಎಲ್ಲರಿಗೂ ಆಜ್ಞೆ ಮಾಡಿದ ಹೊತ್ತಿನಲ್ಲಿ, 250ರ ಜನವರಿ 20ರಂದು, ಫೇಬಿಯನ್ ಸತ್ತ. ಮುಂದಿನ ಪೋಪ್ ಆಯ್ಕೆಯಾಗಲು ಒಂದು ವರ್ಷದ ಮೇಲೆ ಹಿಡಿಯಿತು.

ಕ್ರೈಸ್ತರು ಇಲ್ಲಿ ಅಡಗಿ ಬದುಕುತ್ತಿದ್ದರು ಎಂಬ ಸಿನಿಮಾ ಕಲ್ಪನೆಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಇಳಿಯಿರಿ. ಇದು ಗುಟ್ಟಿನ ಜಾಗವಾಗಿರಲೇ ಇಲ್ಲ, ಆಳುವವರಿಗೂ ಗೊತ್ತಿತ್ತು. 257ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತರು ಸ್ಮಶಾನಕ್ಕೆ ಹೋಗುವುದನ್ನೇ ನಿಷೇಧಿಸಿದ. ಮರುವರ್ಷ, ಬಿಷಪ್, ಪಾದ್ರಿ, ಡೀಕನ್ (ಪಾದ್ರಿಗಿಂತ ಕೆಳಗಿನ ದರ್ಜೆಯ ಚರ್ಚ್ ಸೇವಕ) ಸಿಕ್ಕರೆ ಕೂಡಲೇ ಕೊಲ್ಲಿ ಎಂದ. 258ರ ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಸ್ಮಶಾನದಲ್ಲೇ ಸಿಕ್ಕಿಬಿದ್ದು ನಾಲ್ವರು ಡೀಕನ್‌ಗಳ ಜೊತೆ ಹತನಾದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆಗಲೇ ಬರೆದ ಪತ್ರದಲ್ಲಿ ಇದು ದಾಖಲಾಗಿದೆ.

ಜನ ಮುಗಿಬೀಳುವುದು ಮಾತ್ರ ಪಕ್ಕದ, ಹುತಾತ್ಮ ಸಂತೆ ಸಿಸಿಲಿಯಾಳ ಕೋಣೆಗೆ. ಕತ್ತಿನ ಮೇಲೆ ಕತ್ತಿಯ ಗಾಯ ಹೊತ್ತು ಮಗ್ಗುಲಾಗಿ ಮಲಗಿದ ಪ್ರತಿಮೆ ಚೆಂದವೇ, ಆದರೆ ನಕಲು. ಸ್ಟೆಫಾನೊ ಮಡೆರ್ನೊ 1600ರಲ್ಲಿ ಕಡೆದ ಮೂಲ ಇರುವುದು ರೋಮ್‌ನದೇ ಟ್ರಸ್ತೆವೆರೆ ಬಡಾವಣೆಯ ಸಿಸಿಲಿಯಾ ಬಸಿಲಿಕದಲ್ಲಿ. ಅವಳ ಅವಶೇಷಗಳನ್ನೂ 821ರಲ್ಲೇ ಅಲ್ಲಿಗೆ ಸಾಗಿಸಿದ್ದಾರೆ.

ಎಡವಟ್ಟಾಗುವುದು ಹೆಚ್ಚಾಗಿ ಮೇಲೆಯೇ. ಬುಧವಾರ ರಜೆ. ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಹಾಕಿರುತ್ತದೆ, ಚಳಿಗಾಲದಲ್ಲಿ ಕೆಲವು ವಾರ ಪೂರ್ತಿ ಮುಚ್ಚುತ್ತಾರೆ. ಆಪ್ಪಿಯಾ ರಸ್ತೆಗೆ ಅಲ್ಲಲ್ಲಿ ಫುಟ್‌ಪಾತೇ ಇಲ್ಲ, ಕಾರುಗಳು ಗೋಡೆಗೊತ್ತಿಕೊಂಡು ಹೋಗುತ್ತವೆ. 118ನೇ ಬಸ್ ಹಿಡಿಯಿರಿ. ನಡೆಯುವುದಾದರೆ 'ದೋಮಿನೆ ಕ್ವೊ ವಾದಿಸ್' ಚರ್ಚಿನ ಬಳಿ ಕವಲೊಡೆಯುವ ಒಳದಾರಿಯಲ್ಲಿ ಬನ್ನಿ. ಬೇಸಿಗೆಯಲ್ಲೂ ಕೆಳಗೆ 15 ಡಿಗ್ರಿಯಷ್ಟೇ, ಸ್ವೆಟರ್ ಇರಲಿ. ಮೆಟ್ಟಿಲು ಕಡಿದು, ವೀಲ್‌ಚೇರ್ ಇಳಿಯದು. ಫೋಟೊ ತೆಗೆಯುವಂತಿಲ್ಲ.

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಜಾತ್ರೆಗೆ ನಡೆದುಕೊಳ್ಳುವವರು ಇಲ್ಲಿ ಆ ಸಂತರ ಸಮಾಧಿಯನ್ನು ಕೇಳುವುದು ಸಹಜ. ಸಿಕ್ಸ್ಟಸ್ ಸತ್ತ ನಾಲ್ಕೇ ದಿನಕ್ಕೆ ಹತನಾದ ಅವನ ಡೀಕನ್ ಈ ಲಾರೆನ್ಸ್. ಆದರೆ ಸಮಾಧಿ ಇಲ್ಲಿಲ್ಲ, ತಿಬುರ್ತಿನಾ ರಸ್ತೆಯ ವೆರಾನೊ ಸ್ಮಶಾನದ ಪಕ್ಕದ ಸ್ಯಾನ್ ಲೊರೆಂಜೊ ಬಸಿಲಿಕದಲ್ಲಿದೆ. ಊರಿನ ಇನ್ನೊಂದು ಮಗ್ಗುಲು. ಬೆಳಿಗ್ಗೆ ಇಲ್ಲಿ ಮುಗಿಸಿ ಸಂಜೆ ಅಲ್ಲಿಗೆ ಹೋಗಿ.