ಗಿಡಕ್ಕೆ ಗ್ಯಾಸ್ ಕೊಡುವ ಬಾಟಲಿ: ಹತ್ತಕ್ಕೆ ಎಷ್ಟು ಮಾರ್ಕ್ಸ್?

ಸಕ್ಕರೆ, ಯೀಸ್ಟ್, ಒಂದು ಖಾಲಿ ಬಾಟಲಿ ಇದ್ದರೆ ಸಾಕು, ಅದರಿಂದ ಬರುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನಿಂದ ಮನೆಯೊಳಗಿನ ಗಿಡಗಳು ಎರಡು ಪಟ್ಟು ಬೆಳೆಯುತ್ತವೆ ಅನ್ನುವ ವಿಡಿಯೋಗಳಿಗೆ ಲೆಕ್ಕವೇ ಇಲ್ಲ. ನನ್ನ ಕೋಣೆಯಲ್ಲಿ ಗ್ರೋ ಲೈಟ್ ಕೆಳಗೆ ಒಂದು ಕಪಾಟಿನ ತುಂಬಾ ಗಿಡಗಳಿವೆ. ಮನಿ ಪ್ಲಾಂಟ್, ಫರ್ನ್, ಬಿಗೋನಿಯಾ, ಜೊತೆಗೆ ಒಂದಿಷ್ಟು ಟೊಮೆಟೊ ಸಸಿ. ಪಕ್ಕದಲ್ಲೇ ನೀರಿನ ಗಿಡಗಳಿರುವ ಅಕ್ವೇರಿಯಂ. ಹಾಗಾಗಿ ಈ ಅಗ್ಗದ ಉಪಾಯಗಳಲ್ಲಿ ಕೈಗೆಟುಕಿದ್ದನ್ನೆಲ್ಲ ಮಾಡಿ, ಮೀಟರ್ ಇಟ್ಟು ನೋಡಿದೆ.

ಮೊದಲು ಮೀಟರ್ ವಿಷಯ ಹೇಳಿಬಿಡುತ್ತೇನೆ. ಅಗ್ಗದ ಎಷ್ಟೋ ಮೀಟರ್‌ಗಳು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಗಾಳಿಯಲ್ಲಿರುವ ಬೇರೆ ಆವಿಗಳನ್ನು ಮೂಸಿ, ಅಂದಾಜಿನ ಮೇಲೆ ಒಂದು ಅಂಕಿ ತೋರಿಸುತ್ತವೆ. ಯೀಸ್ಟ್ ಬಾಟಲಿಯಿಂದ ಗ್ಯಾಸ್ ಜೊತೆ ಆಲ್ಕೋಹಾಲ್ ಆವಿಯೂ ಬರುತ್ತದೆ. ಅಂಥ ಮೀಟರನ್ನು ಪಕ್ಕದಲ್ಲಿಟ್ಟರೆ ಅಂಕಿ ಸರಸರ ಏರುತ್ತದೆ, ನೋಡಿದವರಿಗೆ ಖುಷಿಯೋ ಖುಷಿ. ಸ್ಯಾನಿಟೈಸರ್ ಹಚ್ಚಿದ ಕೈ ಹಿಡಿದರೂ ಅದು ಹಾಗೇ ಏರುತ್ತದೆ! ವಿಡಿಯೋಗಳಲ್ಲಿ ಕಾಣುವ ಕೆಲವು ಪವಾಡಗಳ ಗುಟ್ಟು ಇಷ್ಟೇ ಇರಬಹುದು ಅಂತ ನನ್ನ ಗುಮಾನಿ. ಇನ್‌ಫ್ರಾರೆಡ್ ಸೆನ್ಸರ್ ಇರುವ ಮೀಟರೇ ಬೇಕು. ಡಬ್ಬದ ಮೇಲೆ ಎನ್‌ಡಿಐಆರ್ ಅಂತ ಇದೆಯಾ ನೋಡಿ ತಗೊಳ್ಳಿ.

ಈಗ ಯೀಸ್ಟ್ ಬಾಟಲಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ 200 ಗ್ರಾಂ ಸಕ್ಕರೆ, ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು, ಕಾಲು ಚಮಚ ಯೀಸ್ಟ್. ಮುಚ್ಚಳಕ್ಕೆ ತೂತು ಮಾಡಿ, ಅಕ್ವೇರಿಯಂ ಪೈಪನ್ನು ಬಿಗಿಯಾಗಿ ತೂರಿಸಿ, ಇನ್ನೊಂದು ಪುಟ್ಟ ಬಾಟಲಿಯ ನೀರಿನೊಳಗೆ ಅದರ ತುದಿ ಇಳಿಸಬೇಕು. ಆ ಪುಟ್ಟ ಬಾಟಲಿಯಿಂದ ಎರಡು ಉಪಯೋಗ. ನೊರೆ ಉಕ್ಕಿದರೆ ಅಲ್ಲೇ ನಿಲ್ಲುತ್ತದೆ, ಗುಳ್ಳೆಯನ್ನೂ ಎಣಿಸಬಹುದು. ಕೆಲವು ಗಂಟೆ ಏನೂ ಆಗುವುದಿಲ್ಲ. ಆಮೇಲೆ ನೀರಿನ ಮೇಲೆ ಬೆಳ್ಳಗೆ ನೊರೆಯ ಉಂಗುರ ಕಟ್ಟುತ್ತದೆ. ಒಂದು ಗುಳ್ಳೆ, ಇನ್ನೊಂದು, ನೋಡನೋಡುತ್ತಾ ಸೆಕೆಂಡಿಗೊಂದು. ನೋಡೋಕೆ ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮುಚ್ಚಳದ ಹತ್ತಿರ ಮೂಗು ತಂದರೆ ಹೆಂಡದ ವಾಸನೆ. ಸಣ್ಣ ನೊಣಗಳಿಗೂ ಅದು ಬೇಗ ಗೊತ್ತಾಗುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೂ ಬರುವುದು ಹೆಚ್ಚೆಂದರೆ 100 ಗ್ರಾಂ ಗ್ಯಾಸ್, ಅಂದರೆ 55 ಲೀಟರ್ ಆಸುಪಾಸು. ಅದೂ ಸುಮಾರು ಎರಡು ವಾರದಲ್ಲಿ. ಸುಮ್ನೆ ಕೂತ ಒಬ್ಬ ಮನುಷ್ಯ ಗಂಟೆಗೆ 15ರಿಂದ 20 ಲೀಟರ್ ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲೇ ಬಿಡುತ್ತಾನೆ. ಬಾಟಲಿ ಎರಡು ವಾರ ಗುಳುಗುಳು ಅಂದು ಕೊಡುವುದನ್ನು ನೀವು ಮೂರು ಗಂಟೆ ಗಿಡದ ಪಕ್ಕ ಕೂತು ಪುಸ್ತಕ ಓದಿದರೆ ಕೊಟ್ಟುಬಿಡುತ್ತೀರಿ!

ಮೀಟರ್ ಕೂಡ ಅದನ್ನೇ ಹೇಳಿತು. ಹೊರಗಿನ ಗಾಳಿಯಲ್ಲಿ ಈಗ ಈ ಗ್ಯಾಸ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ ಇರುತ್ತದೆ. ಬಾಗಿಲು ಹಾಕಿದ ಸಾಧಾರಣ ಕೋಣೆಯಲ್ಲೂ ಸಂದುಗಳಿಂದ ಗಾಳಿ ಆಡುತ್ತಲೇ ಇರುತ್ತದೆ. ಎರಡು ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾಗುತ್ತದೆ ಅಂದುಕೊಂಡರೂ, ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಒಂದು ಬಾಟಲಿಯಿಂದ ಏರುವುದು ಹತ್ತು ಹನ್ನೆರಡು ಪಿಪಿಎಂ. ನಾನು ಒಳಗೆ ಹೋಗಿ ಮೀಟರ್ ನೋಡಿ ಬರುವಷ್ಟರಲ್ಲಿ ಅದಕ್ಕಿಂತ ಜಾಸ್ತಿ ಏರುತ್ತಿತ್ತು. ಗಾಜಿನ ಮನೆಗಳಲ್ಲಿ ಗಿಡ ಬೆಳೆಸುವವರು 800ರಿಂದ 1000 ಪಿಪಿಎಂವರೆಗೆ ಏರಿಸುತ್ತಾರೆ. ಎಲ್ಲಿಯ ಸಾವಿರ, ಎಲ್ಲಿಯ ಹನ್ನೆರಡು. ಇಡೀ ಕೋಣೆಗೆ ಯೀಸ್ಟ್ ಬಾಟಲಿ: ಹತ್ತಕ್ಕೆ ಒಂದು. ಆ ಒಂದು ಗುಳ್ಳೆಯ ಚೆಂದಕ್ಕೆ.

ಅದೇ ಬಾಟಲಿಯ ಪೈಪನ್ನು ಮುಚ್ಚಳವಿರುವ ಗಾಜಿನ ಪೆಟ್ಟಿಗೆಯೊಳಗೆ ಬಿಟ್ಟು, ಟೊಮೆಟೊ ಸಸಿಗಳನ್ನು ಅದರಲ್ಲಿಟ್ಟರೆ ಕತೆಯೇ ಬೇರೆ. ಜಾಗ ಚಿಕ್ಕದು, ಗಾಳಿ ಆಡುವುದಿಲ್ಲ. ಮೀಟರ್ ಸಾವಿರ ದಾಟಿತು. ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ ಅದನ್ನು ಹದದಲ್ಲಿಡಬೇಕಾಯಿತು. ಯಾಕೆಂದರೆ ಸಾವಿರದ ಮೇಲೆ ಇನ್ನೂ ಸುರಿದರೆ ಗಿಡಕ್ಕೆ ಹೇಳಿಕೊಳ್ಳುವ ಲಾಭ ಇಲ್ಲ. ತೊಂದರೆ ಅಂದರೆ ಒಳಗಿನ ತೇವ. ಗಾಜಿನ ಮೇಲೆ ಹನಿ ಕೂರುತ್ತದೆ, ಮಣ್ಣಿನ ಮೇಲೆ ಬೂಸ್ಟು ಬರುತ್ತದೆ. ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಲೇಬೇಕು. ಹಾಗೆ ನೋಡಿಕೊಳ್ಳುವವರಿಗೆ ಹತ್ತಕ್ಕೆ ಆರು.

ಅಡುಗೆ ಸೋಡಾಕ್ಕೆ ವಿನೆಗರ್ ಸುರಿಯುವ ಉಪಾಯದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. 84 ಗ್ರಾಂ ಸೋಡಾ ಪೂರ್ತಿ ಕರಗಿ ಗ್ಯಾಸ್ ಆಗಲು 5 ಪರ್ಸೆಂಟ್ ವಿನೆಗರ್ ಒಂದು ಲೀಟರಿಗೂ ಜಾಸ್ತಿ ಬೇಕು. ಬರುವುದು 44 ಗ್ರಾಂ. ಬುಸ್ ಅಂತ ಉಕ್ಕಿ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನ.

ಸೋಡಾ ಜೊತೆ ವಿನೆಗರ್ ಬದಲು ಸಿಟ್ರಿಕ್ ಆಸಿಡ್ ಬಳಸುವ ಜೋಡಿ ಬಾಟಲಿ ಮಾತ್ರ ಬೇರೆ ಲೆವೆಲ್. ಒಂದರಲ್ಲಿ ಸಿಟ್ರಿಕ್ ಆಸಿಡ್ ನೀರು, ಇನ್ನೊಂದರಲ್ಲಿ ಸೋಡಾ, ಮೇಲೆ ಪೈಪು, ಒತ್ತಡ ತೋರಿಸುವ ಗೇಜು, ನೀಡಲ್ ವಾಲ್ವ್. ಒಂದು ಸಲ ಹಿಚುಕಿದರೆ ಸ್ವಲ್ಪ ಆಸಿಡ್ ಸೋಡಾದ ಕಡೆ ಹೋಗುತ್ತದೆ. ಒತ್ತಡ ಕಟ್ಟುತ್ತದೆ. ಆಮೇಲೆ ಅದೇ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತಾ ಹೋಗುತ್ತದೆ. ವಾಲ್ವ್ ತಿರುಗಿಸಿ ಗುಳ್ಳೆ ಜಾಸ್ತಿ ಕಮ್ಮಿ ಮಾಡಬಹುದು, ರಾತ್ರಿ ನಿಲ್ಲಿಸಬಹುದು. ಯೀಸ್ಟಿಗೆ ನಿಲ್ಲು ಅಂದರೆ ಅದು ಕೇಳುತ್ತದಾ?

ಈ ಜೋಡಿಯ ನಿಜವಾದ ಜಾಗ ಅಕ್ವೇರಿಯಂ. ನೀರಿನಲ್ಲಿ ಈ ಗ್ಯಾಸ್ ಹರಡುವುದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಅದಕ್ಕೇ ನೀರಿನೊಳಗಿನ ಗಿಡಗಳಿಗೆ ಇದರ ಕೊರತೆ ಬೇಗ ತಟ್ಟುತ್ತದೆ, ಕೊಟ್ಟರೆ ಪರಿಣಾಮವೂ ಬೇಗ ಕಾಣುತ್ತದೆ. ಗುಳ್ಳೆಯನ್ನು ಸಣ್ಣದಾಗಿ ಒಡೆಯುವ ಡಿಫ್ಯೂಸರ್ ಹಾಕಿ, ಗಾಜಿಗೆ ಅಂಟಿಸುವ, ನೀರಿನಲ್ಲಿ ಗ್ಯಾಸ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ನೋಡುತ್ತಿರಬೇಕು. ನೀಲಿ ಇದ್ದರೆ ಕಮ್ಮಿ, ಹಸಿರಾದರೆ ಸರಿ, ಹಳದಿಗೆ ತಿರುಗಿದರೆ ಅತಿಯಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಬಣ್ಣ ನೋಡುತ್ತಾ ಕೂರಬೇಡಿ, ಕೂಡಲೇ ವಾಲ್ವ್ ಮುಚ್ಚಿ, ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ. ನನ್ನಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲೆಗಳ ಅಂಚಿನಲ್ಲಿ ಆಕ್ಸಿಜನ್ ಗುಳ್ಳೆಗಳು ಸಾಲಾಗಿ ಕೂತು, ಒಂದೊಂದೇ ಬಿಟ್ಟು ಮೇಲೆ ಹೋಗುತ್ತವೆ. ಹತ್ತಕ್ಕೆ ಒಂಬತ್ತು. ಇನ್ನೊಂದು ಮಾರ್ಕ್ ಕಟ್ ಮಾಡಿದ್ದು ಮುಚ್ಚಳದ ಲೀಕ್‌ಗೆ. ಅದನ್ನು ಹುಡುಕಲು ಸೋಪ್ ನೀರು ಹಚ್ಚಿ ಹಚ್ಚಿ ಸಾಕಾಗುತ್ತದೆ.

ಮೇಣದಬತ್ತಿ ಹಚ್ಚಿಡಿ ಅನ್ನುವವರೂ ಇದ್ದಾರೆ. ಅದಕ್ಕೆ ಸೊನ್ನೆ. ಸರಿಯಾಗಿ ಉರಿಯದ ಬೆಂಕಿಯಿಂದ ಎಥಿಲೀನ್ ಬರುತ್ತದೆ. ಅದು ಮೊಗ್ಗು ಉದುರಿಸುವ, ಎಲೆ ಹಳದಿ ಮಾಡುವ ಗ್ಯಾಸ್. ಕಾರ್ಬನ್ ಮೊನಾಕ್ಸೈಡ್ ಭಯ ಬೇರೆ. ಒಳಗೆ ಕಾಂಪೋಸ್ಟ್ ಡಬ್ಬ ಇಟ್ಟರೆ ಗ್ಯಾಸ್ ಬರುವುದು ನಿಜ, ಜೊತೆಗೆ ವಾಸನೆ, ಹುಳ ಎಲ್ಲ ಫ್ರೀ. ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಒಂದು ಕಿಲೋ ಆವಿಯಾದರೆ 500 ಲೀಟರಿಗೂ ಮೇಲೆ ಗ್ಯಾಸ್. ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ಸರಿ, ಕಪಾಟಿನ ಮೇಲಿನ ಗಿಡಗಳಿಗೆ ಏನು ಮಾಡಬೇಕು? ಕಿಟಕಿ ಪಕ್ಕದ ಮಂದ ಬೆಳಕಿನಲ್ಲಿರುವ ಮನಿ ಪ್ಲಾಂಟಿಗೆ ಕೊರತೆ ಇರುವುದು ಬೆಳಕಿನದು. ಬೆಳಕು ಸಾಲದಿದ್ದರೆ ಎಷ್ಟೇ ಗ್ಯಾಸ್ ಕೊಟ್ಟರೂ ಅದಕ್ಕೆ ಹೆಚ್ಚು ಉಪಯೋಗ ಆಗುವುದಿಲ್ಲ. ರಾತ್ರಿಯಂತೂ ಹೆಚ್ಚಿನ ಗಿಡಗಳು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ. ಸ್ನೇಕ್ ಪ್ಲಾಂಟ್, ಕಳ್ಳಿ ಥರದವು ಮಾತ್ರ ಉಲ್ಟಾ, ಅವು ತೆರೆಯುವುದೇ ರಾತ್ರಿ. ನಾನು ಕಪಾಟಿಗೆ ಇನ್ನೊಂದು ಲೈಟ್ ಹಾಕಿ, ಒಂದು ಸಣ್ಣ ಫ್ಯಾನ್ ಇಟ್ಟೆ. ಎಲೆಯ ಸುತ್ತ ನಿಂತ ಗಾಳಿಯಲ್ಲಿ ಗ್ಯಾಸ್ ಖರ್ಚಾಗುತ್ತಾ ಹೋಗುತ್ತದೆ. ಫ್ಯಾನ್ ಹೊಸ ಗಾಳಿ ತರುತ್ತದೆ. ಓದುವ ಕುರ್ಚಿಯನ್ನೂ ಅಲ್ಲಿಗೇ ಎಳೆದಿದ್ದೇನೆ.

ಮಾಡುವವರಿಗೆ ಎರಡು ಎಚ್ಚರಿಕೆ. ಯೀಸ್ಟ್ ಬಾಟಲಿಯ ಮುಚ್ಚಳವನ್ನು ದಾರಿ ಬಿಡದೆ ಬಿಗಿ ಮಾಡಿದರೆ ಅದು ಸಿಡಿಯುತ್ತದೆ. ಗಾಜಿನ ಬಾಟಲಿ ಯಾವ ಉಪಾಯಕ್ಕೂ ಬೇಡ, ಸೋಡಾ ಪಾನೀಯದ ದಪ್ಪ ಪ್ಲಾಸ್ಟಿಕ್ ಬಾಟಲಿಯೇ ಇರಲಿ. ಇನ್ನು ಸಿಟ್ರಿಕ್ ಬಾಟಲಿಯಲ್ಲಿ ಕೊನೆಗೆ ಉಳಿಯುವ ನೀರನ್ನು ಗೊಬ್ಬರ ಅಂತ ಕುಂಡಕ್ಕೆ ಸುರಿಯಬೇಡಿ. ಅದರ ತುಂಬಾ ಸೋಡಿಯಂ ಉಪ್ಪು, ಬೇರು ಸುಡುತ್ತದೆ. ಸಿಂಕಿಗೆ ಸುರಿದು ತೊಳೆದಿಟ್ಟರೆ ಅದೇ ಬಾಟಲಿ ಮುಂದಿನ ಸಲಕ್ಕೂ ಬರುತ್ತದೆ.