ಇಳಿಬಿಸಿಲಿಗೆ ಕೊಡೆಯೋ, ಟೋಲ್ಡೊವೋ, ಮರದ ಪರದೆಯೋ: ವಲೆನ್ಸಿಯಾದ ತಾರಸಿಯಲ್ಲಿ ನಾನು ಕಂಡದ್ದು

ಜೂನ್ ತಿಂಗಳಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಕುಂದಾಪುರದಲ್ಲಿ ಬೆಳೆದ ನನಗೆ ಇದರ ಅರ್ಥ ತಲೆಗೆ ಇಳಿಯಲು ಒಂದು ಇಡೀ ಬೇಸಿಗೆ ಮತ್ತು ನಾನೂರು ಯೂರೋ ಹತ್ತಿರದ ಖರ್ಚು ಬೇಕಾಯಿತು. ಊರಿನಲ್ಲಿ ಏಳು ಗಂಟೆಗೆ ದೇವರ ದೀಪ ಹಚ್ಚಿ ಆಗಿರುತ್ತಿತ್ತು. ಬಿಸಿಲೆಂದರೆ ನೆತ್ತಿಯ ಮೇಲಿಂದ ಬರುವಂಥದ್ದು, ಅದಕ್ಕೆ ಬೇಕಾದದ್ದು ಚಪ್ಪರ ಎಂಬುದೇ ನನ್ನ ತಿಳಿವಳಿಕೆ. ಇಲ್ಲಿ ನಾನು ಕೆಲಸ ಮುಗಿಸಿ ಬಂದು ತಾರಸಿಯಲ್ಲಿ ಕೂರುವ ಏಳು ಗಂಟೆಗೆ ಬಿಸಿಲು ಇನ್ನೂ ಬಿಸಿಲೇ. ಆದರೆ ಅದು ಮೇಲಿಂದ ಬರುವುದಿಲ್ಲ, ಎದುರಿನಿಂದ ಬರುತ್ತದೆ.

ನಮ್ಮ ಮನೆ ಮಾಲ್ವಾರೋಸಾ ಕಡಲತೀರದ ಹಿಂದಿನ ಬೀದಿಯೊಂದರ ಐದನೆಯ ಮಹಡಿಯಲ್ಲಿದೆ. ಕೋಣೆಗಳ ಕಿಟಕಿ ಕಡಲಿನ ಕಡೆಗೆ, ತಾರಸಿ ಪಶ್ಚಿಮಕ್ಕೆ. ನಾಲ್ಕೂವರೆ ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ಮೇಲಿನ ಮನೆಯ ಬಾಲ್ಕನಿ ಅರ್ಧಭಾಗಕ್ಕೆ ಸೂರಿನಂತೆ ಚಾಚಿಕೊಂಡಿದೆ. ಬಾಡಿಗೆ ಮನೆ. ನಮ್ಮಲ್ಲಿ ಜಗಲಿಯಲ್ಲಿ ಕೂರುವಂತೆ ಇಲ್ಲಿಯ ಹಳಬರು ಬೇಸಿಗೆಯ ಸಂಜೆ ಕುರ್ಚಿಗಳನ್ನು ಬೀದಿಗೆ ತಂದು ಕೂರುತ್ತಾರೆ. ತಂಪಿಗೆ ಕೂರುವುದು, ‘ಅ ಲಾ ಫ್ರೆಸ್ಕಾ’, ಎನ್ನುತ್ತಾರೆ. ಪಕ್ಕದ ಕಬಾನ್ಯಾಲ್‌ನ ಹೆಂಚಿನ ಅಲಂಕಾರದ ಹಳೆಯ ಮನೆಗಳ ಮುಂದೆ ಇದನ್ನು ಇಂದಿಗೂ ನೋಡಬಹುದು. ನನಗೆ ಬೇಕಿದ್ದದ್ದು ಅಂಥದೇ ಒಂದು ಜಾಗ, ಐದನೆಯ ಮಹಡಿಯಲ್ಲಿ.

ಕೊಡೆ, ಟೋಲ್ಡೊ ಎಂಬ ಬಟ್ಟೆಯ ಮೇಲಾವಣಿ, ಮರದ ಪರದೆ ಮೂರನ್ನೂ ಬಳಸಿ ನೋಡಿದ್ದೇನೆ. ಈಗ ನಮ್ಮ ತಾರಸಿಯಲ್ಲಿರುವುದು ಅಲಿಕಾಂತೆಯ ಮರದ ಪರದೆ. ಅದನ್ನು ಬಿಟ್ಟು ಬೇರೊಂದಕ್ಕೆ ಹೋಗುವ ಯೋಚನೆಯೇ ನನಗಿಲ್ಲ.

ಮೊದಲು ಕೊಡೆಯ ವಿಷಯ. 2023ರ ಮೇ ತಿಂಗಳಲ್ಲಿ ಮೂರು ಮೀಟರ್ ಅಗಲದ, ಪಕ್ಕದಲ್ಲಿ ಕಂಬವಿರುವ ದೊಡ್ಡ ಕೊಡೆಯನ್ನು 329 ಯೂರೋಗೆ ತಂದೆವು. ಅಂಗಡಿಯಲ್ಲಿ ಅದರ ಕೆಳಗೆ ನಿಂತಾಗ ಮನಸ್ಸು ಅರಳಿತ್ತು. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಬುಡಕ್ಕೆಂದು ಸಿಕ್ಕಿದ್ದು ಅಧಿಕ ಚಿಹ್ನೆಯಂತೆ ಜೋಡಿಸುವ ಎರಡು ಕಬ್ಬಿಣದ ಕೊಳವೆ ಮಾತ್ರ. ಅದರ ಮೇಲೆ ಹೇರಬೇಕಾದ ಭಾರವನ್ನು ನಾವೇ ತರಬೇಕು. ಅರ್ಧ ಮೀಟರ್ ಚದರದ ನಾಲ್ಕು ಕಾಂಕ್ರೀಟ್ ಚಪ್ಪಡಿ, ಒಂದೊಂದೂ ಸುಮಾರು 25 ಕಿಲೋ. ಒಟ್ಟು ನೂರು ಕಿಲೋ ಕಾಂಕ್ರೀಟನ್ನು ಕೈಗಾಡಿಯಲ್ಲಿ ತಂದು, ಲಿಫ್ಟಿನಲ್ಲಿ ಎರಡು ಸಲಕ್ಕೆ ಏರಿಸಿ, ಅಡುಗೆಮನೆಯ ಮೂಲಕ ದಾಟಿಸಿದೆವು.

ಅಲ್ಲಿಂದ ಶುರುವಾಯಿತು ಕಷ್ಟ. ಎರಡೂವರೆ ಮೀಟರ್ ಆಳದ ತಾರಸಿಯಲ್ಲಿ ಒಂದು ಮೀಟರ್ ಚದರವನ್ನು ಕೊಡೆಯ ಬುಡವೇ ನುಂಗಿತು. ಮೇಜು ಒಂದು ಮೂಲೆಗೆ ಸರಿಯಿತು, ಬಟ್ಟೆ ಒಣಗಿಸುವ ಹಗ್ಗದ ಕಡೆಗೆ ಹೋಗಲು ಅಡ್ಡಡ್ಡ ನಡೆಯಬೇಕಾಯಿತು. ಮಳೆಗಾಲದ ನೀರು ಹರಿದುಹೋಗಲೆಂದು ಇಳಿಜಾರಾಗಿ ಹಾಸಿದ್ದ ನೆಲಕ್ಕೆ ಚಪ್ಪಡಿಗಳು ಒಡ್ಡು ಕಟ್ಟಿದಂತಾದವು. ಸೆಪ್ಟೆಂಬರಿನ ಮೊದಲ ಜೋರು ಮಳೆಗೆ ಅವುಗಳ ಹಿಂದೆ ನೀರು ನಿಂತಿತು.

ಚಪ್ಪಡಿ ತಿಕ್ಕಿ ತಿಕ್ಕಿ ಕೊಳವೆಯ ಬಣ್ಣ ಸುಲಿದಿತ್ತು. ಕಡಲ ಗಾಳಿಯ ಉಪ್ಪು, ನಿಂತ ನೀರು, ಬರಿಯ ಕಬ್ಬಿಣ ಮೂರೂ ಸೇರಿದರೆ ಏನಾಗುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅಕ್ಟೋಬರಿನಲ್ಲಿ ಚಪ್ಪಡಿ ಎತ್ತಿ ನೋಡಿದಾಗ ಮಾಲೀಕರ ಬಿಳಿ ಹಾಸುಬಿಲ್ಲೆಗಳ ಮೇಲೆ ಕಂದು ಬಣ್ಣದ ಅಧಿಕ ಚಿಹ್ನೆ ಅಚ್ಚಾಗಿತ್ತು. ನಾನು ಗಾಬರಿಯಲ್ಲಿ ಬ್ಲೀಚ್ ಸುರಿದೆ. ಅದು ದೊಡ್ಡ ತಪ್ಪು. ತುಕ್ಕಿನ ಕಲೆಗೆ ಬ್ಲೀಚ್ ಹಾಕಿದರೆ ಕಲೆ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಕೊನೆಗೆ ಆಕ್ಸಾಲಿಕ್ ಆಮ್ಲವಿರುವ ತುಕ್ಕುನಿವಾರಕ ತಂದು, ಕೈಗವಸು ತೊಟ್ಟು, ಮೂರು ವಾರಾಂತ್ಯ ಉಜ್ಜಿದೆ. ಮುಕ್ಕಾಲು ಪಾಲು ಹೋಯಿತು. ಉಳಿದ ನೆರಳಿನಂಥ ಗುರುತು ಈಗಲೂ ಇದೆ. ಮನೆ ಬಿಡುವ ದಿನ ಠೇವಣಿ ಹಣದ ಲೆಕ್ಕದಲ್ಲಿ ಅದು ಬರಬಹುದೆಂಬ ಚಿಂತೆಯೂ ಇದೆ.

ಇಷ್ಟೆಲ್ಲ ಸಹಿಸಿ ಪಡೆದ ನೆರಳಾದರೂ ಎಲ್ಲಿ ಬಿತ್ತು? ಮಧ್ಯಾಹ್ನ ಎರಡು ಗಂಟೆಗೆ ಕೊಡೆಯ ಕೆಳಗೆ ಒಳ್ಳೆಯ ನೆರಳು, ಆಗ ನಾನು ಕಚೇರಿಯಲ್ಲಿ. ಸಂಜೆ ಏಳಕ್ಕೆ ಬಿಸಿಲು ಕೊಡೆಯ ಅಂಚಿನ ಕೆಳಗಿನಿಂದ ನುಗ್ಗಿ ಮೇಜಿನ ಮೇಲೆ ಬೀಳುತ್ತಿತ್ತು, ಕೊಡೆಯ ನೆರಳು ನಮ್ಮ ಬೆನ್ನ ಹಿಂದಿನ ಗೋಡೆಯ ಮೇಲೆ. ಆ ವರ್ಷದ ಆಗಸ್ಟ್ 10ರಂದು ಒಳನಾಡಿನಿಂದ ಬೀಸುವ ಬಿಸಿಗಾಳಿ, ಇಲ್ಲಿಯವರು ‘ಪೊನಿಯೆಂತೆ’ ಎನ್ನುವುದು, ಬಂದು ವಲೆನ್ಸಿಯಾ ವಿಮಾನ ನಿಲ್ದಾಣದಲ್ಲಿ ತಾಪಮಾನ 46.8 ಡಿಗ್ರಿ ಮುಟ್ಟಿತು. ಕೊಡೆಯನ್ನು ಮಡಚಿ ಕಟ್ಟಿಟ್ಟೇ ಹೋಗಿದ್ದೆ. ಗಾಳಿ ಪಟ್ಟಿ ಕಿತ್ತು, ಬಟ್ಟೆ ತೆರೆದು, ಎರಡು ಕಡ್ಡಿ ಮುರಿದಿತ್ತು. ತಾರಸಿ ವಿಶಾಲವಾಗಿದ್ದು, ಮಧ್ಯಾಹ್ನದ ಊಟವನ್ನೇ ಹೊರಗೆ ಮಾಡುವವರಿಗೆ ಕೊಡೆ ಸರಿಹೋಗಬಹುದು. ನಮ್ಮಂಥ ಪಶ್ಚಿಮದ ತಾರಸಿಗೆ ಅದು ಸಲ್ಲದು.

ಟೋಲ್ಡೊ ಎಂದರೆ ಗೋಡೆಗೆ ಬಿಗಿದು, ಹಿಡಿ ತಿರುಗಿಸಿ ಚಾಚುವ ಬಟ್ಟೆಯ ಮೇಲಾವಣಿ. ಸ್ಪೇನಿನ ಯಾವ ಊರಿಗೆ ಹೋದರೂ ಕಟ್ಟಡದ ಮೇಲಿಂದ ಕೆಳಗಿನವರೆಗೆ ಒಂದೇ ಹಸಿರಿನ ಟೋಲ್ಡೊಗಳು ಕಾಣುತ್ತವೆ. ಇದಕ್ಕಿಂತ ಮೊದಲು ಬೆನಿಮಾಕ್ಲೆತ್‌ನಲ್ಲಿ ಎರಡು ವರ್ಷ ಇದ್ದ ಮನೆಯಲ್ಲಿ ನಮಗೂ ಒಂದಿತ್ತು. ಅದರ ತೋಳುಗಳು ಕೆಳಮುಖವಾಗಿ ಇಳಿಯುತ್ತಿದ್ದವು, ಹಾಗಾಗಿ ಇಳಿಬಿಸಿಲನ್ನೂ ತಡೆಯುತ್ತಿತ್ತು. ನೆರಳಿನ ಲೆಕ್ಕದಲ್ಲಿ ಟೋಲ್ಡೊಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. 2022ರ ಮಾರ್ಚಿನಲ್ಲಿ ಸಹಾರಾದ ಧೂಳು ಹೊತ್ತ ಕೆಸರು ಮಳೆ ಫಾಯಾಸ್ ಹಬ್ಬದ ದಿನಗಳಲ್ಲೇ ಸುರಿದಾಗ ಅದರ ಬಟ್ಟೆಯ ಮೇಲೆ ಬಿದ್ದ ಕೆಂಪು ಚುಕ್ಕೆಗಳು ನಾವು ಮನೆ ಬಿಡುವವರೆಗೂ ಹೋಗಲಿಲ್ಲ, ಅಷ್ಟೇ. ಕೊಳ್ಳುವವರು ನೂಲಿಗೇ ಬಣ್ಣ ಕೂಡಿಸಿದ ಅಕ್ರಿಲಿಕ್ ಬಟ್ಟೆಯನ್ನು ಕೇಳಿ ಪಡೆಯಿರಿ, ಪಾಲಿಯೆಸ್ಟರ್ ಬೇಗ ಮಾಸುತ್ತದೆ.

ಈ ಮನೆಗೆ ಟೋಲ್ಡೊ ಹಾಕಿಸದಿರಲು ಕಾರಣ ಬೇರೆ. ಕೂಲಿ ಸೇರಿ 780 ಯೂರೋ ಎಂದರು. ಮೇಲಾಗಿ, ಕಟ್ಟಡದ ಹೊರನೋಟವನ್ನು ಒಬ್ಬೊಬ್ಬರೇ ಬದಲಿಸಲು ಇಲ್ಲಿಯ 1960ರ ಸಹಮಾಲೀಕತ್ವದ ಕಾನೂನು ಬಿಡುವುದಿಲ್ಲ. ನಾನು ಮಾಲೀಕರನ್ನು ಕೇಳಬೇಕು, ಅವರು ನಿವಾಸಿಗಳ ಸಂಘವನ್ನು ಕೇಳಬೇಕು, ಬಣ್ಣ ಉಳಿದವರ ಬಣ್ಣಕ್ಕೆ ಹೊಂದಬೇಕು, ಕೊನೆಗೆ ಮನೆ ಬಿಡುವಾಗ ಎಲ್ಲವನ್ನೂ ಗೋಡೆಗೇ ಬಿಟ್ಟು ಹೋಗಬೇಕು. ಸ್ವಂತ ಮನೆಯಾಗಿದ್ದರೆ ಯೋಚಿಸುತ್ತಿದ್ದೆ.

ಪರದೆಯ ದಾರಿ ತೋರಿಸಿದ್ದು ಪಕ್ಕದ ಮನೆಯ ಅಜ್ಜಿ. ನಾನು ಮಂಡಿಯೂರಿ ನೆಲ ಉಜ್ಜುವುದನ್ನು ತಮ್ಮ ತಾರಸಿಯಿಂದ ನೋಡಿದ ಅವರು, ನಮ್ಮ ಸೂರಿನ ಅಂಚಿನಲ್ಲಿದ್ದ ಆರು ಕೊಕ್ಕೆಗಳತ್ತ ಬೆರಳು ಮಾಡಿದರು. ‘ಅವು ಯಾತಕ್ಕೆ ಇವೆ ಅಂದುಕೊಂಡೆ, ಮಗಳೇ? ಪರದೆ ಹಾಕು.’ ಹೂಕುಂಡ ತೂಗುಹಾಕಲು ಇರಬೇಕೆಂದು ಒಂದು ವರ್ಷದಿಂದ ನಾನು ಅಂದುಕೊಂಡಿದ್ದ ಕೊಕ್ಕೆಗಳು ಅವು.

ಅಲಿಕಾಂತೆಯ ಪರದೆ ಎಂದರೆ ಬೆರಳಗಲದ ಪೈನ್ ಮರದ ಪಟ್ಟಿಗಳನ್ನು ಸಣ್ಣ ತಂತಿಕೊಂಡಿಗಳಿಂದ ಒಂದಕ್ಕೊಂದು ಕೋದ ಚಾಪೆ. ಅಲಿಕಾಂತೆ ಪ್ರಾಂತ್ಯದ ಸಾಕ್ಸ್ ಎಂಬ ಊರು ಇದರ ತಯಾರಿಕೆಗೆ ಹೆಸರಾದದ್ದು. ಮೇಲೆ ಒಂದು ಪುಟ್ಟ ರಾಟೆ, ಒಂದು ಹಗ್ಗ. ಎಳೆದರೆ ಕೆಳಗಿನಿಂದ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ಕೆಡುವಂಥ ಯಂತ್ರ ಯಾವುದೂ ಇಲ್ಲ. ಅಳತೆ ಹೇಳಿ ಮಾಡಿಸಿದ ಮೂರು ಪರದೆಗಳಿಗೆ, ಒಂದೊಂದೂ ಎರಡೂವರೆ ಮೀಟರಿಗಿಂತ ತುಸು ಉದ್ದ, 165 ಯೂರೋ ಆಯಿತು.

ಇದರ ಗುಟ್ಟು ಇರುವುದು ಇಳಿಬಿಡುವ ರೀತಿಯಲ್ಲಿ. ಕಿಟಕಿಯ ಪರದೆಯಂತೆ ನೇರ ಬಿಡುವುದಿಲ್ಲ. ಸೂರಿನ ಅಂಚಿನಿಂದ ಓರೆಯಾಗಿ ತಂದು ಕಟಾಂಜನದ ಮೇಲೆ ಹಾಯಿಸಿ, ತುದಿಯನ್ನು ಹೊರಕ್ಕೆ ಇಳಿಬಿಡುತ್ತಾರೆ. ಆಗ ಬಿಸಿಲಿನ ದಾರಿಗೆ ಅಡ್ಡಲಾಗಿ ಒಂದು ಓರೆ ಮಾಡು ನಿಂತಂತಾಗುತ್ತದೆ. ಎರಡೂ ಪಕ್ಕ ತೆರೆದಿರುತ್ತವೆ, ಕೆಳಗೆ ಕಟಾಂಜನದ ಸರಳುಗಳ ನಡುವೆ ಗಾಳಿಗೆ ಜಾಗವಿರುತ್ತದೆ. ಕಡಲ ಕಡೆಯ ಕಿಟಕಿ ತೆರೆದಿಟ್ಟರೆ ಸಂಜೆಯ ಗಾಳಿ ಮನೆಯೊಳಗಿಂದ ಹಾದು ಪರದೆಯ ಅಡಿಯಿಂದ ಹೊರಹೋಗುತ್ತದೆ. ಒಳಗೆ ಕುಳಿತರೆ ಮೇಜಿನ ಮೇಲೆ, ತಟ್ಟೆಯ ಮೇಲೆ, ಕೈಯ ಮೇಲೆ ಸಣ್ಣ ಸಣ್ಣ ಬೆಳಕಿನ ಗೆರೆಗಳು. ಊರಿನಲ್ಲಿ ಎರಚಲು ಹೊಡೆಯದಂತೆ ಜಗಲಿಗೆ ಮಡಲಿನ ತಟ್ಟಿ ಕಟ್ಟಿದಾಗ ಇಂಥದೇ ಬೆಳಕು ಇರುತ್ತಿತ್ತು. ಮೊದಲ ಸಂಜೆ ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಪೊನಿಯೆಂತೆ ಬೀಸುವ ದಿನ ಪಿಚಕಾರಿಯಿಂದ ಪರದೆಗೆ ನೀರು ಚಿಮುಕಿಸುತ್ತೇನೆ. ಆ ಗಾಳಿ ಒಣಗಾಳಿ. ಒದ್ದೆ ಮರದ ಮೂಲಕ ಬರುವಾಗ ಲಾವಂಚದ ತಟ್ಟಿಯ ಕೆಲಸವೇ ನಡೆಯುತ್ತದೆ. ಕಡಲ ಕಡೆಯ ‘ಲೆವಾಂತೆ’ ಬೀಸುವ ದಿನ ಇದರಿಂದ ಏನೂ ಪ್ರಯೋಜನವಿಲ್ಲ, ಗಾಳಿಯಲ್ಲೇ ತೇವ ತುಂಬಿರುತ್ತದೆ.

ಕೊರತೆಗಳೂ ಇವೆ. ಉಪ್ಪುಗಾಳಿಗೆ ಕೊಂಡಿಗಳು ತುಕ್ಕು ಹಿಡಿಯುತ್ತವೆ. ಎರಡನೆಯ ಬೇಸಿಗೆಗೆ ಒಂದು ಪರದೆಯಲ್ಲಿ ನಾಲ್ಕು ಪಟ್ಟಿ ಕಳಚಿದವು, ತುಕ್ಕು ಹಿಡಿಯದ ಉಕ್ಕಿನ ತಂತಿಯಿಂದ ನಾನೇ ಕಟ್ಟಿದೆ. ಹಸಿರು ಬಣ್ಣ ಎದ್ದುಬರುತ್ತದೆ, ಎರಡು ವರ್ಷಕ್ಕೊಮ್ಮೆ ಬಳಿಯಬೇಕು. ಗಾಳಿಗೆ ಕಟಾಂಜನಕ್ಕೆ ಬಡಿಯುತ್ತದೆ, ಆದ್ದರಿಂದ ಕೆಳತುದಿಯನ್ನು ದಾರದಿಂದ ಕಟ್ಟಲೇಬೇಕು. ಇದೇ ಪರದೆ ಪ್ಲಾಸ್ಟಿಕ್ಕಿನಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಅಜ್ಜಿಯ ಮಗ ಅದನ್ನೇ ಹಾಕಿಸಿದ್ದಾರೆ. ಹಗುರವಾದ್ದರಿಂದ ರಾತ್ರಿಯಿಡೀ ಪಟಪಟ ಎನ್ನುತ್ತದೆ. ಮರದ್ದು ತನ್ನ ಭಾರಕ್ಕೇ ಸುಮ್ಮನೆ ನಿಲ್ಲುತ್ತದೆ.

ಕುರ್ಚಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕಡಲ ಹತ್ತಿರ ಕಬ್ಬಿಣದ್ದು ಬೇಡ, ಅಲ್ಯೂಮಿನಿಯಂ ಇಲ್ಲವೇ ಮರ. ಕೊಳ್ಳುವ ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ ಸ್ಕ್ರೂಗಳನ್ನು ನೋಡಿ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಗಿಡಗಳಿಗೆ ಹನಿ ನೀರಾವರಿ ಹಾಕಿದ್ದೆ. ಇಲ್ಲಿಯ ನಲ್ಲಿ ನೀರಿನಲ್ಲಿ ಸುಣ್ಣ ಎಷ್ಟೆಂದರೆ ತೂತುಗಳು ತಿಂಗಳೊಳಗೆ ಕಟ್ಟಿಕೊಂಡವು. ವಿನೆಗರಿನಲ್ಲಿ ನೆನೆಸಿ ಬಿಡಿಸಬಹುದು, ನಾನು ಚೊಂಬಿಗೆ ಮರಳಿದೆ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಹಗಲಲ್ಲೇ ಕಚ್ಚುವ ಹುಲಿಸೊಳ್ಳೆ ಇಲ್ಲಿಯೂ ಇದೆ. ನಮ್ಮ ರಾತ್ರಿರಾಣಿಯನ್ನು ಇಲ್ಲಿ ‘ಗಲಾನ್ ದೆ ನೋಚೆ’ ಎಂಬ ಹೆಸರಿನಲ್ಲಿ ಮಾರುತ್ತಾರೆ, ಅದು ಒಂದಿದೆ. 19ನೆಯ ಶತಮಾನದಲ್ಲಿ ಸುಗಂಧಕ್ಕಾಗಿ ಬೆಳೆಸಿ ಈ ಬಡಾವಣೆಗೇ ಹೆಸರು ಕೊಟ್ಟ ಜಿರೇನಿಯಂ ಜಾತಿಯ ಮಾಲ್ವಾರೋಸಾ ಇನ್ನೊಂದು ಕುಂಡದಲ್ಲಿದೆ. ಎರಡನ್ನೂ ಪರದೆಯ ಪಕ್ಕದ ತೆರಪಿನಲ್ಲಿ ಇಟ್ಟಿದ್ದೇನೆ.

ನಿಮ್ಮ ತಾರಸಿ ಪೂರ್ವಕ್ಕೋ ದಕ್ಷಿಣಕ್ಕೋ ಇದ್ದು, ಮನೆ ಸ್ವಂತದ್ದಾಗಿದ್ದರೆ ಟೋಲ್ಡೊ ಹಾಕಿಸಿ. ಬಾಡಿಗೆ ಮನೆಯಾಗಿದ್ದು ನನ್ನಂತೆ ಸಂಜೆಗೇ ಕೂರುವವರಾದರೆ ಮರದ ಪರದೆಯನ್ನು ನೋಡಿ. ಅದಕ್ಕೂ ಮೊದಲು ನಿಮ್ಮ ಸೂರಿನ ಅಂಚಿನಲ್ಲಿ ಹಿಂದಿನವರು ಬಿಟ್ಟುಹೋದ ಕೊಕ್ಕೆಗಳಿವೆಯೇ ನೋಡಿ. ನಾಲ್ಕು ಚಪ್ಪಡಿಗಳನ್ನು ನಾವು ನಗರಸಭೆಯ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟೆವು. ಕೊಡೆಯ ಬಟ್ಟೆಯಿಂದ ಅಜ್ಜಿ ಕುರ್ಚಿಗಳಿಗೆ ಎರಡು ದಿಂಬಿನ ಹೊದಿಕೆ ಹೊಲಿದುಕೊಟ್ಟಿದ್ದಾರೆ.